ಎಡ ಬಲ

ಉಳಿ ಕದಲಬಾರದು, ತಗಡು ತಿರುಗಬೇಕು.
ಅಪ್ಪ ಹೇಳಿಕೊಟ್ಟದ್ದು ಇಷ್ಟೇ, ಅದೂ ಬೈಯುತ್ತ.
ಮರಳು ತುಂಬಿದ ಚರ್ಮದ ದಿಂಬು, ದಿಂಬಿನ ಮೇಲೆ ತಾಮ್ರ,
ತಾಮ್ರದ ಮೇಲೆ ಬಾಗಿದ ಹುಸೆಪೆ ಸೆಬ್ರಿಯಾನನ ಬೋಳುತಲೆ.
ಕಿಟಕಿಗೆ ಎಣ್ಣೆಕಾಗದ. ಆಚೆ ಸಾರಗೋಸದ ಬೀದಿಯಲ್ಲಿ
ಸಿಯೆರ್ಸೊ ಗಾಳಿ ಕತ್ತೆಗಳ ಕಿವಿ ಹಿಡಿದು ಎಳೆಯುತ್ತಿತ್ತು.

ನನ್ನ ಪಾಲಿಗೆ ಮಸಿ.
ಸುಟ್ಟ ದ್ರಾಕ್ಷಿಬಳ್ಳಿಯ ಕರಿ, ಕಾಯಿಸಿದ ಅಗಸೆಯೆಣ್ಣೆ.
ಗೀರುಗಳಿಗೆ ತುಂಬಿ, ಮೇಲಿನದನ್ನು ಅಂಗೈಯಲ್ಲಿ ಒರೆಸಿ,
ಒದ್ದೆ ಕಾಗದ ಹೊದಿಸಿ ಉರುಳೆಗಳ ನಡುವೆ ನೂಕಿದರೆ
ಆ ಕಡೆಯಿಂದ ಸಂತರು ಬರುತ್ತಿದ್ದರು,
ಮಿಂದೆದ್ದ ಮಕ್ಕಳ ಹಾಗೆ.
ಹಗ್ಗದ ಮೇಲೆ ಒಣಹಾಕುತ್ತಿದ್ದೆ:
ಹೆರಿಗೆಗೊಬ್ಬರು, ಹಲ್ಲುನೋವಿಗೊಬ್ಬರು,
ಕಳೆದ ಹೇಸರಗತ್ತೆ ಹುಡುಕಿಕೊಡಲು ಒಬ್ಬರು.

ಕೆತ್ತುವವನಿಗೆ ಲೋಕವೆಲ್ಲ ತಿರುವುಮುರುವು.
ಎಡಗೈ ಕೆತ್ತಿದರೆ ಬಲಗೈಯಲ್ಲಿ ಹರಸುತ್ತಾರೆ.
ಪ್ರಾರ್ಥನೆ ಬಲದಿಂದ ಎಡಕ್ಕೆ ಸರಿಯುತ್ತದೆ, ಏಡಿಯಂತೆ.
ಅಮ್ಮ ಸತ್ತ ವಾರವೂ ಅಪ್ಪ ಕೆಲಸ ನಿಲ್ಲಿಸಲಿಲ್ಲ;
ಸಂತ ರೋಕೆಯ ತೊಡೆಯ ಹುಣ್ಣು ಹೊರಳಿಸಲು ಮರೆತ.
ಎಡದ್ದು ಬಲಕ್ಕೆ ಬಂತು.
ಸಂಘದ ಯಜಮಾನ ಕೂಗಾಡಿ ಅರ್ಧ ಹಣ ಹಿಡಿದ,
ಹಾಳೆ ಮಾತ್ರ ಅಷ್ಟನ್ನೂ ಒಯ್ದ.
ಹತ್ತು ವರ್ಷಕ್ಕೆ ಇಗರ್ಜಿಯ ಮರದ ಮೂರ್ತಿ ಸುಟ್ಟುಹೋಗಿ
ಹೊಸದಕ್ಕೆ ಬಡಗಿ ನಮ್ಮ ಹಾಳೆಯನ್ನೇ ಮುಂದಿಟ್ಟುಕೊಂಡ.
ಈಗ ಮುದುಕಿಯರು ಬಲತೊಡೆಗೇ ಮುತ್ತಿಡುತ್ತಾರೆ.
ವಾಸಿಯೂ ಆಗುತ್ತದಂತೆ.

ಇನ್ನೊಂದು ತಪ್ಪು ಕೊನೆತನಕ ಅವನ ಕೈ ಬಿಡಲಿಲ್ಲ:
ತನ್ನ ಹೆಸರಿನ ಕಡೆಯ ಅಕ್ಷರ.
ಎಷ್ಟು ಸಲ ಕೆತ್ತಿದರೂ ತಾಮ್ರದಲ್ಲಿ ಅದೊಂದೇ ನೆಟ್ಟಗೆ ನಿಂತು
ಹಾಳೆಯಲ್ಲಿ ಬೆನ್ನು ತಿರುಗಿಸುತ್ತಿತ್ತು.
ಇರಲಿ ಬಿಡು, ಅಂದ, ನನ್ನದೇ ತಾನೆ.

ಕಣ್ಣು ಹೋದ ಮೇಲೆ ತಗಡುಗಳನ್ನು ಬೆರಳಲ್ಲಿ ಓದುತ್ತಿದ್ದ.
ಅಚ್ಚೊತ್ತಿ ಅಚ್ಚೊತ್ತಿ ಎಲ್ಲ ಸವೆದಿತ್ತು.
ನಾಯಿಯ ಬಾಯಲ್ಲಿ ರೊಟ್ಟಿ ಇತ್ತಲ್ಲ, ಇದೆಯಾ?
ಇದೆ ಅಪ್ಪ, ಅನ್ನುತ್ತಿದ್ದೆ.

ಶವಪೆಟ್ಟಿಗೆಯ ಸಾಲಕ್ಕೆ ತಾಮ್ರವನ್ನೆಲ್ಲ ತೂಕಕ್ಕೆ ಹಾಕಿದೆ.
ಕಂಚುಗಾರ ಬ್ಲಾಸ್ಕೊ ಒಳ್ಳೆಯವನು.
ಒಂದು ತಗಡಿನಲ್ಲಿ ಚಾಕೊಲೇಟು ಕಾಯಿಸುವ ಪಾತ್ರೆ ಮಾಡಿ ಕೊಟ್ಟ;
ತಳಕ್ಕೆ ಸುತ್ತಿಗೆ ತಾಕಿಸಲಿಲ್ಲ, ಕೆತ್ತನೆ ಹೊರಮೈಗಿದೆ.
ದಿನಾ ಬೆಳಗ್ಗೆ ರೋಕೆಯ ನಾಯಿ ಕೆಂಡ ನೆಕ್ಕುತ್ತದೆ.

ನಿನ್ನೆ ಅವಸರದಲ್ಲಿ
ಒದ್ದೆ ಮೇಜುಬಟ್ಟೆಯ ಮೇಲೆ ಇಳಿಸಿಬಿಟ್ಟೆ.
ಎತ್ತಿ ನೋಡಿದರೆ ಮಸಿಯ ಒಂದು ದುಂಡು,
ಅದರೊಳಗೆ ಅರ್ಧ ಬಾಲ, ಒಂದು ಪಾದ,
ಅಂಚಿನಲ್ಲಿ ನಾಲ್ಕು ಅಕ್ಷರ. ಮೂರು ಸರಿಯಾಗಿ,
ಒಂದು ಆಚೆ ಮುಖ ಮಾಡಿ.

ಬಟ್ಟೆಯನ್ನು ಒಗೆಯಲು ನೆನೆಹಾಕಿದೆ.
ಮತ್ತೆ ತೆಗೆದೆ.