ಕೊಂಬಿನ ಎತ್ತರ

ನಾನು ಬರೆಯುವವಳು, ಮಾತಾಡುವವಳಲ್ಲ.
ಪಂಚಾಯಿತಿಯಲ್ಲಿ ಹನ್ನೊಂದು ವರ್ಷ:
ಕಂದಾಯದ ರಸೀದಿ, ಬಾಕಿ ಪಟ್ಟಿ, ನಡಾವಳಿ ಪುಸ್ತಕ.
ಗ್ರಾಮಸಭೆ ಅಂದರೆ ನನಗೆ
ಶಾಲೆಯ ಜಮಖಾನ, ಸಹಿ, ಹೆಬ್ಬೆಟ್ಟು,
ಶಾಯಿ ಒರೆಸುವ ಚಿಂದಿ.

ಆವತ್ತು ಬಾಣಾವರದಿಂದ ಗೌಜಿಗನಹಟ್ಟಿಗೆ ಹೊರಟಾಗಲೇ
ಠರಾವು ಟೈಪಾಗಿ ನನ್ನ ಚೀಲದಲ್ಲಿತ್ತು.
ಸರ್ವೆ ನಂಬರ್ ನೂರಾ ಹದಿನೆಂಟು, ಗೋಮಾಳ,
ಇನ್ನೂರ ಆರು ಎಕರೆ ಹದಿನಾಲ್ಕು ಗುಂಟೆ,
ಸೌರ ವಿದ್ಯುತ್ತಿಗೆ, ಇಪ್ಪತ್ತೆಂಟು ವರ್ಷಕ್ಕೆ,
'ಸಭೆಯು ಸರ್ವಾನುಮತದಿಂದ ಒಪ್ಪಿದೆ.'
ತಾರೀಖಿನ ಜಾಗ ಮಾತ್ರ ಖಾಲಿ.

ಕಂಪನಿಯ ಹುಡುಗ ಒಳ್ಳೆಯವನೇ.
ಬಿಸಿಲಿಗೆ ಮೂಗು ಸುಲಿದಿತ್ತು.
ಗೋಡೆಯ ಮೇಲೆ ಚಿತ್ರ ಬಿಟ್ಟು
'ಭೂಮಿ ಕಾಯುತ್ತಿದೆ' ಅಂದ.
'ಯಾರಿಗೆ?' ಹಿಂದಿನಿಂದ ಒಂದು ದನಿ.
'ಕಾಯೋರು ನಾವು ಕಣಪ್ಪ, ಕುರಿ' ಇನ್ನೊಂದು.
ನಕ್ಕರು. ಅವನೂ ನಕ್ಕ.
ಹೊಗೆ ಸಾಕು, ಕಲ್ಲಿದ್ದಲು ಸಾಕು ಅನ್ನುವುದಕ್ಕೆ
ಯಾರ ತಕರಾರೂ ಇರಲಿಲ್ಲ.
ಆಮೇಲೆ ನಕ್ಷೆಯ ಬಿಳೀ ಜಾಗಕ್ಕೆ ಕಡ್ಡಿ ಊರಿ
'ಇಲ್ಲೇನೂ ಇಲ್ಲ, ಖರಾಬು' ಅಂದ.

ಕ್ಯಾತಮ್ಮ ಎದ್ದಳು. ಅವನ ಕಡೆ ತಿರುಗಲೇ ಇಲ್ಲ.
'ಬರ್ಕೊಳವ್ವ' ಅಂದಳು ನನಗೆ.
'ಹಂಚೀಕಡ್ಡಿ ಐತೆ, ಬರ್ಕೊ. ಕಾರೆ, ತಂಗಡಿ, ಬಂದ್ರೆ.
ಮಳೆ ಬಿದ್ರೆ ಎಂಟು ದಿನ ನೀರು ನಿಲ್ಲೋ ಗುಂಡಿ.
ಗೌಜಿಗನ ಮೊಟ್ಟೆ ಇರೋ ಜಾಗ, ಅದು ಹುಡುಗ್ರಿಗೆ ಗೊತ್ತು, ಹೇಳಾಕಿಲ್ಲ.
ಮುನ್ನೂರ ಹತ್ತು ಕುರಿ ಮೂತಿ.
ಬಂಡೆ ಪಕ್ಕ ನನ್ನ ಎರಡ್ನೇ ಕೂಸು,
ಗುರ್ತಿಗೆ ಮೂರು ಕಲ್ಲು.'

ಬರೆದೆ. ಯಾವ ಕಾಲಮ್ಮೂ ಸರಿಹೋಗದೆ
ಅಂಚಿನಲ್ಲಿ ಬರೆದೆ.

ಪಟ್ಟಾ ಜಮೀನಿದ್ದವರು ಮುಂದಿನ ಸಾಲು,
ಎಕರೆಗಿಷ್ಟು ಬಾಡಿಗೆ, ಅವರಿಗೆ ಒಪ್ಪಿಗೆ.
ಅವರದ್ದೇನು ತಪ್ಪು?
ಚಪ್ಪಲಿ ಬಿಟ್ಟ ಜಾಗದ ಹತ್ತಿರ ಕಾಲೋನಿಯ ತಿಪ್ಪಯ್ಯ:
'ನಂಗೆ ಗುಂಟೆ ಇಲ್ಲ. ಬಾಡ್ಗೆ ಯಾವುದುಕ್ಕೆ ತಗಳ್ಲಿ,
ನೆಳ್ಳಿಗಾ?
ಹುಲ್ಲು ಕೀಳೋ ಕೆಲ್ಸ, ಗಾಜು ಒರೆಸೋ ಕೆಲ್ಸ ಅಂತೀರಿ.
ಹೊಸಾದು ಏನೇ ಬರ್ಲಿ, ನಮ್ ಕೈಗೆ ಒರೆಸೋದೇ ಯಾಕ್ ಸಾಮಿ?
ನಮ್ ಚಂದ್ರಕಲ ಐಟಿಐ ಮಾಡವ್ಳೆ.
ವೈರು ಮುಟ್ಟಾಕೆ ಬತ್ತದೆ.'

'ತಂತಿ ನಮ್ ತಲೆ ಮೇಲೆ ಹೋಗ್ತದೆ, ಇಲ್ಲಿ ಇಳೀತದಾ?'
'ಅದು ಗ್ರಿಡ್ಡಿಗೆ ಹೋಗುತ್ತೆ ಅಜ್ಜ.'
'ಗ್ರಿಡ್ಡು ಯಾವೂರು?'

ಹುಡುಗ ನೀರು ಕುಡಿದ.

ಕ್ಯಾತಮ್ಮ ಮತ್ತೆ: 'ಬ್ಯಾಡ ಅಂತ ಯಾರಂದ್ರು?
ಕಂಬ ಎತ್ರ ಮಾಡಿ. ಬೇಲಿ ಬ್ಯಾಡ.
ಮೇಲ್ಗಡೆ ಬಿಸ್ಲು ನಿಮ್ದು, ಕೆಳ್ಗಡೆ ಹುಲ್ಲು ನಮ್ದು.
ಕಾಸು ಬಂದ್ರೆ ಗುಂಟೆ ಇಲ್ದೋರ್ಗೂ ಪಾಲು.'
'ಎಷ್ಟು ಎತ್ತರ?'
ಮೊಮ್ಮಗ ಹೊರಗೆ ಓಡಿದ.

ಟಗರು ಸಭೆಗೆ ಬಂತು.
ಜಮಖಾನದ ಮೇಲೆ ನಾಲ್ಕು ಹಿಕ್ಕೆ ಹಾಕಿತು.
ಹುಡುಗ ಟೇಪು ಹಿಡಿದ: ಮೂರಡಿ ಒಂಬತ್ತಿಂಚು.
ಟಗರು ತಲೆಯೆತ್ತಿತು.
ನಾಲ್ಕಡಿ ಎರಡು.
'ಖರ್ಚು ಜಾಸ್ತಿ ಆಗುತ್ತೆ' ಅಂದ, ಆದರೆ
ಡೈರಿಯಲ್ಲಿ ಬರೆದುಕೊಂಡಿದ್ದನ್ನು ನೋಡಿದೆ.
ಟಗರನ್ನು ಕೋರಂ ಲೆಕ್ಕಕ್ಕೆ ಹಿಡಿಯಲಿಲ್ಲ.

ಸಾಹೇಬರು ಕಿವಿಯ ಹತ್ತಿರ ಬಗ್ಗಿದರು:
'ಬೇಗ ಸಹಿ ತಗೊಳ್ಳಮ್ಮ, ಊಟದ ಹೊತ್ತು.'
ನಾನು ಠರಾವು ತೆಗೆದು 'ಸರ್ವಾನುಮತದಿಂದ' ಹೊಡೆದೆ,
'ಒಪ್ಪಿದೆ'ಯನ್ನೂ ಹೊಡೆದು
ಮೇಲೆ ಬರೆದೆ: 'ಕೇಳಿದೆ.'
ಸಭೆಯು ಕೇಳಿದೆ.
ಕೆಳಗೆ ನಾಲ್ಕಡಿ ಎರಡಿಂಚಿನಿಂದ ಚಂದ್ರಕಲಳವರೆಗೆ.

ನನಗೆ ನೋಟಿಸು ಬಂದಿದೆ:
ಕೇಳಿದೆ ಅಂದರೆ ಪ್ರಶ್ನೆ ಕೇಳಿತೋ,
ಹೇಳಿದ್ದನ್ನು ಕೇಳಿಸಿಕೊಂಡಿತೋ,
ಏಳು ದಿನದೊಳಗೆ ವಿವರಣೆ ನೀಡುವುದು.
ಐದನೇ ದಿನ ಇದು. ಹಾಳೆ ಖಾಲಿ ಇದೆ.

ಕ್ಯಾತಮ್ಮ ಹೆಬ್ಬೆಟ್ಟು ಒತ್ತಿ, ನಾನು ಚಿಂದಿ ಕೊಡುವ ಮೊದಲೇ
ಟಗರಿನ ಬೆನ್ನಿಗೆ ಒರೆಸಿದ್ದಳು.
ನಿನ್ನೆ ಬಸ್ಸಿನ ಕಿಟಕಿಯಿಂದ ನೋಡಿದೆ:
ನೂರಾ ಹದಿನೆಂಟರ ನಡುವೆ
ಮೇಯುತ್ತಿತ್ತು,
ನೇರಳೆ ಚುಕ್ಕಿ.