ಸ್ವಲ್ಪ

ಅಜ್ಮಾನಿನ ಕೋರ್ಟು, ಎರಡನೇ ಮಹಡಿ.
ಎ.ಸಿ. ಚಳಿಗೆ ಫೈಲುಗಳೂ ಮುದುಡಿ ಕೂತ ಕೋಣೆಯಲ್ಲಿ
ನಾನು ದುಭಾಷಿ.
ಮನೆಯಲ್ಲಿ ನವಾಯತಿ, ಮದರಸದಲ್ಲಿ ಅರಬಿ,
ಕನ್ನಡ ಮಾತ್ರ ಭಟ್ಕಳದ ಸರಕಾರಿ ಶಾಲೆಯ ಶಾನಭಾಗ ಮಾಸ್ತರರು
ಕಿವಿ ಹಿಂಡಿ ಕೊಟ್ಟದ್ದು.
ಕೂಡಿಸುವುದಿಲ್ಲ, ಕಳೆಯುವುದಿಲ್ಲ ಎಂದು
ಬಲಗೈ ಎತ್ತಿ ಆಣೆ ಮಾಡಿದ್ದೇನೆ.
ಹದಿನಾಲ್ಕು ವರ್ಷ ಅದು ಕಷ್ಟವೆನಿಸಿರಲಿಲ್ಲ.

ಕಟಕಟೆಯಲ್ಲಿ ಬೊನಿಫಾಸ್ ಮಿನೇಜಸ್,
ಕಿನ್ನಿಗೋಳಿಯವನು, ಹಡಗು ರಿಪೇರಿ ಯಾರ್ಡಿನ ವೆಲ್ಡಿಂಗ್ ಫೋರ್‌ಮನ್.
ಕಾಲಿಗೆ ಜೈಲಿನ ರಬ್ಬರ್ ಚಪ್ಪಲಿ,
ಎರಡೂ ಎಡಗಾಲಿನವು.

ನ್ಯಾಯಾಧೀಶರು ಕೇಳಿದರು: ಕಮ್?
ಅರಬಿಯಲ್ಲಿ ಅದು 'ಎಷ್ಟು'.
ನಾನು ಬಾಯಿ ತೆರೆಯುವ ಮೊದಲೇ ಬೊನಿಫಾಸ್ ತಲೆಯಾಡಿಸಿದ:
ಹೌದು ಸರ್, ಕಮ್ಮಿ. ಕಮ್ಮಿಯೇ ಕುಡಿದದ್ದು.
ಯಾರಿಗಾದರೂ ನಗು ಬರಬೇಕಿತ್ತು.

ಎಷ್ಟು ಅಂತ ಕೇಳ್ತಿದ್ದಾರೆ, ಅಂದೆ.
ಸ್ವಲ್ಪ, ಅಂದ.

ಈಗ ಈ ಪದವನ್ನು ಆಚೆ ದಡಕ್ಕೆ ದಾಟಿಸುವುದು ಹೇಗೆ?
ಕಲೀಲ್ ಇದೆ; ಬಜಾರಿನ ಶ್ವೈ ಶ್ವೈ ಇದೆ.
ಆದರೆ ನಮ್ಮ ಸ್ವಲ್ಪಕ್ಕೆ ತಳವಿಲ್ಲ, ಅಂಚಿಲ್ಲ.
ಸ್ವಲ್ಪ ಸರೀರಿ ಅಂದರೆ ಮೂವರ ಸೀಟಿನಲ್ಲಿ ಐವರು,
ಸ್ವಲ್ಪ ನಿಲ್ಲಿ ಅಂದರೆ ಮಧ್ಯಾಹ್ನವೇ ಕಳೆದೀತು.
ಬೊನಿಫಾಸ್ ಅಂದು ಗೆಳೆಯನ ಬಡ್ತಿಯ ಪಾರ್ಟಿಯಲ್ಲಿ ಸ್ವಲ್ಪ ಕುಡಿದ,
ಸ್ವಲ್ಪ ಹೊತ್ತು ಸೋಫಾದಲ್ಲಿ ಒರಗಿದ.
ಟ್ಯಾಕ್ಸಿ ಹತ್ತು ಮಾರಾಯ, ಅಂದರಂತೆ.
ಸ್ವಲ್ಪ ದೂರ ತಾನೆ, ಅಂದನಂತೆ.

ಕಲೀಲ್, ಅಂದೆ ನಾನು.
ನ್ಯಾಯಾಧೀಶರು ಕಾಗದ ತಿರುವಿದರು.
ಅಲ್ಲಿ ರಕ್ತದ ವರದಿ, ದಶಾಂಶ ಬಿಂದು ಸಮೇತ ಒಂದು ಅಂಕಿ.
ಅದನ್ನು ಯಾರೂ ಅನುವಾದಿಸಬೇಕಿರಲಿಲ್ಲ.

ನಸುಕಿನ ನಾಲ್ಕೂ ನಲವತ್ತು. ಕೈಗಾರಿಕಾ ವಲಯದ ರಸ್ತೆ.
ಬೇಕರಿಯ ಮೊಫಿಜುಲ್, ಸೈಕಲ್ಲಿನ ಹಿಂದೆ ಪ್ಲಾಸ್ಟಿಕ್ ಕ್ರೇಟು,
ಬಟ್ಟೆ ಹೊದ್ದ ಅರವತ್ತು ಖುಬ್ಬೂಸು.
ಎರಡೂ ಲೇನುಗಳಲ್ಲಿ ರೊಟ್ಟಿ ಹರಡಿತ್ತು ಎಂದು ಬರೆದ ಪೊಲೀಸ್
ಕೊನೆಗೊಂದು ಸಾಲು ಸೇರಿಸಿದ್ದಾನೆ, ಯಾಕೋ:
ಮುಟ್ಟಿದಾಗ ಇನ್ನೂ ಬಿಸಿಯಿತ್ತು.
ಅದನ್ನು ಕನ್ನಡದಲ್ಲಿ ಓದಿ ಹೇಳುವಾಗ
ನಾನು 'ಬಿಸಿ'ಯ ಹತ್ತಿರ ಸ್ವಲ್ಪ ತಡೆದೆ.
ಕೂಡಿಸಲಿಲ್ಲ. ತಡೆದೆ ಅಷ್ಟೆ.

ಬಂಗಾಳಿ ದುಭಾಷಿ ಇನ್ನೂ ಬಂದಿರಲಿಲ್ಲ.
ಸತ್ತವನ ತಮ್ಮ ತೊಫಜ್ಜಲ್, ಭುಜ ಇಳಿದ ಎರವಲು ಅಂಗಿಯವನು,
ಕಾಯದೆ ಎದ್ದು ನಿಂತ.
ನ್ಯಾಯಾಧೀಶರನ್ನಲ್ಲ, ಬೊನಿಫಾಸನನ್ನೇ ನೋಡಿ ಹೇಳಿದ,
ದೂರುವ ದನಿಯಲ್ಲೂ ಅಲ್ಲ:
ಒಲ್ಪೊ ದಿನ್ ಬಾಕಿ ಛಿಲೊ.

ಅಲ್ಪ.
ದಿನ.
ಬಾಕಿ.

ಊರಿಗೆ ಹೊರಡಲು, ಮಗಳ ಮುಖ ನೋಡಲು
ಎಷ್ಟು ಉಳಿದಿತ್ತೋ ಆ ಸ್ವಲ್ಪ
ನಡುವೆ ಯಾರೂ ಇಲ್ಲದೆ ದಾಟಿ ಬಂತು.
ಬೊನಿಫಾಸ್ ಕಟಕಟೆಯ ಕಂಬಿ ಹಿಡಿದುಕೊಂಡ,
ಓಡುವ ಬಸ್ಸಿನಲ್ಲಿ ನಿಂತವರ ಹಾಗೆ.
ನಾನು ನನ್ನ ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ.

ಉಳಿದದ್ದೆಲ್ಲ ಸಲೀಸು. ಒಂದೊಂದಕ್ಕೂ ತಕ್ಕ ಶಬ್ದವಿದೆ.
ಸೆರೆವಾಸ. ದಂಡ. ಲೈಸೆನ್ಸು ರದ್ದು.
ಸತ್ತವನ ಮನೆಗೆ ದಿಯ, ಅಂದರೆ ನೆತ್ತರಿನ ಬೆಲೆ;
ವಿಮೆಯವರು ಕೊಟ್ಟರೂ ಕುಡಿದವನೆಂದು ಮತ್ತೆ ಇವನಿಂದಲೇ ವಸೂಲಿ.
ಅವಧಿ ಮುಗಿದ ಮೇಲೆ ಗಡೀಪಾರು.
ಪದಕ್ಕೆ ಪದ ಇಟ್ಟುಕೊಂಡು ಹೋದೆ.
ಕೊನೆಗೆ ಬೊನಿಫಾಸ್ ಮೆಲ್ಲಗೆ ಕೇಳಿದ:
ಸರ್, ಅವರಲ್ಲಿ ಸ್ವಲ್ಪ ಹೇಳ್ತೀರಾ, ನಾನು...
ಮುಂದೆ ಏನೂ ಹೇಳಲಿಲ್ಲ.
ಗುಮಾಸ್ತ ನನ್ನತ್ತ ನೋಡಿದ: ಏನಂದ?
ಏನಿಲ್ಲ, ಅಂದೆ.
ಆಣೆಗೆ ತಪ್ಪಿದೆನೋ ಇಲ್ಲವೋ, ಗೊತ್ತಿಲ್ಲ.

ಬರುವಾಗ ಖುಬ್ಬೂಸು ತನ್ನಿ ಎಂದು ಸಫೂರಾಳ ಫೋನು.
ಬೇಕರಿಯ ಹುಡುಗ ಒಲೆಯ ಬೆಂಕಿಗೆ ಕಣ್ಣು ಕಿರಿದು ಮಾಡಿ
ಎಷ್ಟು ಎಂದು ಕೇಳಿದ.
ಬಾಯಿಗೆ ಬಂದದ್ದನ್ನು ನುಂಗಿ
ಬೆರಳು ತೋರಿಸಿದೆ:
ನಾಲ್ಕು.