ಬೆನ್ನು ತೋರಿಸಿದವಳು

ಬೆನ್ನು ತೋರಿಸಿದವರನ್ನು ಹೇಡಿ ಅನ್ನುತ್ತಾರೆ.
ಜಿಂತ್ರಾ, ನೀನು ಒಂಬತ್ತು ವರ್ಷ
ನನಗೆ ಬೆನ್ನು ತೋರಿಸಿಯೇ ನಿಂತೆ,
ನೆಟ್ಟಿನಿಂದ ಎರಡು ಹೆಜ್ಜೆ ಹಿಂದೆ, ಮಂಡಿ ಬಾಗಿಸಿ,
ನನ್ನ ಸರ್ವು ನಿನ್ನ ಕಿವಿ ಸವರಿ ಸಿಳ್ಳೆ ಹೊಡೆದು ಹೋಗುವಾಗ
ಒಮ್ಮೆಯೂ ತಿರುಗಿ ನೋಡದೆ.

ಎರಡು ಸಲ ತಗುಲಿತ್ತು.
ಲಿಂಜ್‌ನಲ್ಲಿ, ತಲೆಯ ಹಿಂಬದಿಗೇ.
ನೀನು ಕೂದಲು ಸವರಿಕೊಂಡೆ,
ಮುಂದೆ ನೋಡುತ್ತಲೇ ಬೆನ್ನ ಹಿಂದೆ
ಹೆಬ್ಬೆರಳು ಮೇಲೆತ್ತಿದೆ.

ಅದೇ ನಮ್ಮ ಭಾಷೆ. ನನ್ನ ಚೆಕ್ ನಿನಗೆ ಬಾರದು,
ನಿನ್ನ ಲಾಟ್ವಿಯನ್ ನನಗೆ. ಹರಕು ಇಂಗ್ಲಿಷು
ಹೋಟೆಲ್ಲಿನ ಲೆಕ್ಕಕ್ಕೆ, ಔಷಧಿ ಅಂಗಡಿಗೆ.
ಉಳಿದದ್ದೆಲ್ಲ ಐದು ಬೆರಳಲ್ಲಿ.
ಮುಷ್ಟಿ: ಇಲ್ಲೇ ಇರುತ್ತೇನೆ.
ಬಿಚ್ಚಿದ ಅಂಗೈ: ದಾಟುತ್ತೇನೆ, ನನ್ನ ಜಾಗ ನೋಡಿಕೋ.
ಕಿರುಬೆರಳು: ಅವಳ ಮೈಮೇಲೇ ಹಾಕು.

ನಾನೂ ಒಂಟಿಯಾಗಿಯೇ ಶುರು ಮಾಡಿದ್ದೆ.
ಪ್ರೆರೋವ್‌ನ ಕೆಂಪು ಮಣ್ಣು, ಬೆಚ್ವಾ ನದಿಯ ಕಡೆಯ ಚಳಿಗಾಳಿ,
ರಾತ್ರಿಪಾಳಿ ಮುಗಿಸಿ ಬಂದ ಅಪ್ಪ
ಪೊರಕೆ ಹಿಡಿದು ಗೆರೆ ಗುಡಿಸುತ್ತಿದ್ದ.
ಒಳಗಿನ ಗೆರೆ ಸಿಂಗಲ್ಸಿನದು, ಅದರಾಚೆ
ನಾಲ್ಕೂವರೆ ಅಡಿಯ ಪಟ್ಟಿ.
ನಾನು ಆಡದ ಜಾಗ ಅದು, ಅದನ್ನೇಕೆ ಗುಡಿಸುತ್ತೀ, ಅಂದಿದ್ದೆ.
'ಯಾರಿಗಾದರೂ ಬೇಕಾದೀತು.'

ಬೇಕಾಯಿತು. ಇಪ್ಪತ್ತಮೂರು ದಾಟಿದರೂ
ಮುನ್ನೂರ ಹನ್ನೆರಡನೇ ಸ್ಥಾನದಲ್ಲಿ ಹೂತುಹೋಗಿದ್ದ ನನಗೆ
ಕೋಚ್ ಹೇಳಿದ: ಕಾಲು ನಿಧಾನ, ಕಣ್ಣು ಚುರುಕು,
ಜೊತೆ ಹುಡುಕಿಕೋ.
ಆಮೇಲಿಂದ ಆ ನಾಲ್ಕೂವರೆ ಅಡಿಯಲ್ಲೇ
ಬಾಡಿಗೆ ಕಟ್ಟಿದ್ದೇನೆ, ಅಮ್ಮನಿಗೆ ಹಲ್ಲು ಕಟ್ಟಿಸಿದ್ದೇನೆ.

ನಮ್ಮ ಅಂಕಣಕ್ಕೆ ಯಾವತ್ತೂ ಎರಡಂಕಿ.
ಹದಿನೇಳನೆಯದು, ಬೇಲಿಯಾಚೆ ಕಸದ ಲಾರಿ,
ನೋಡಲು ಒಂಬತ್ತು ಜನ,
ಒಬ್ಬ ಅದರಲ್ಲಿ ದಾರಿ ತಪ್ಪಿ ಬಂದವನು.
ಮೂರನೇ ಸೆಟ್ಟೂ ಇಲ್ಲ ನಮಗೆ,
ಹತ್ತು ಪಾಯಿಂಟಿನ ಗಡಿಬಿಡಿ ತೀರ್ಪು.

ರಬಾತ್‌ನಲ್ಲಿ ಗೆದ್ದ ಬೆಳ್ಳಿ ತಟ್ಟೆಯಲ್ಲಿ
ಕಿತ್ತಳೆ ಸುಲಿದು ತಿಂದೆವಲ್ಲ,
ಸಿಪ್ಪೆ ನಿನ್ನ ಹೆಸರಿನ ಮೇಲೆ ಬೀಳದಂತೆ
ನಾನು ಎಷ್ಟು ಜೋಪಾನ ಮಾಡಿದೆ, ನಿನಗೆ ಗೊತ್ತಿಲ್ಲ.

ಬೊಗೊಟಾದ ವಿಮಾನ ನಿಲ್ದಾಣ. ಮೆಸೇಜು:
'ಮುಂದಿನ ವರ್ಷ ಬೇರೆಯವರ ಜೊತೆ ಆಡಿ ನೋಡ್ತೀನಿ. ಸಿಟ್ಟಾಗಬೇಡ.'
ನೀನು ಮೂರು ಕುರ್ಚಿ ಆಚೆ ಕೂತಿದ್ದೆ.
ಸರಿ ಎಂದು ಟೈಪಿಸಿದೆ.
ಟೈಪಿಸುವ ಸದ್ದು ನಿನಗೂ ಕೇಳಿಸಿರಬೇಕು.

ಇವತ್ತು ಸೋಲ್. ಹನ್ನೊಂದನೇ ಅಂಕಣ. ಎಂಟು, ಎಂಟು.
ನೆಟ್ಟಿನಾಚೆ ನೀನು.
ಆಟದ ನಡುವೆ ನಿನ್ನ ಮುಖ ಇದೇ ಮೊದಲು ನೋಡಿದ್ದು:
ಹಿಂದಿನಿಂದ ಸರ್ವು ಹೊರಡುವ ಮುಂಚೆ
ಕೆಳತುಟಿ ಕಚ್ಚುತ್ತೀ,
ಅರೆಕ್ಷಣ ಕಣ್ಣು ಮುಚ್ಚುತ್ತೀ.
ಇಷ್ಟು ಹೆದರಿಕೆಯಿತ್ತೇನೆ ನಿನಗೆ, ಇಷ್ಟು ವರ್ಷ,
ನನ್ನ ಚೆಂಡಿಗೆ?

ಎಡಗೈ ಬೆನ್ನ ಹಿಂದೆ ಹೋಯಿತು.
ನಿನ್ನ ಹೊಸ ಹುಡುಗಿಗೆ ಏನೋ ಹೇಳಿದೆ.
ಮುಷ್ಟಿಯೋ ಅಂಗೈಯೋ, ನನಗೆ ಕಾಣಲಿಲ್ಲ.
ಕಾಣಬೇಕಾಗಿಯೂ ಇಲ್ಲ.
ದಾಟುವ ಮುನ್ನ ನಿನ್ನ ಎಡ ಹಿಮ್ಮಡಿ ಏಳುತ್ತದೆ.

ಎದ್ದಿತು.

ನೀನು ಬಿಟ್ಟುಹೋದ ಜಾಗಕ್ಕೆ,
ಅಪ್ಪ ಗುಡಿಸುತ್ತಿದ್ದ ಆ ಪಟ್ಟಿಗೆ
ಚೆಂಡು ಕಳಿಸಿದೆ.
ಗೆರೆಗೆ ತಾಗಿತೋ, ಆಚೆಯೋ, ಯಾರೂ ಇನ್ನೂ ಕೂಗಿರಲಿಲ್ಲ.
ನೀನು ತಿರುಗಿ ನೋಡಿದೆ.

ಆಗ ಕಂಡಿತು ನನಗೆ ಹಳೆಯ ಬೆನ್ನು,
ಎಡಗೈ ಇನ್ನೂ ಅಲ್ಲೇ,
ಹೆಬ್ಬೆರಳು ಮೇಲೆತ್ತಿ.
ಮರೆತು ಹಾಗೇ ಉಳಿದಿತ್ತೋ ಏನೋ.